ರೊಟ್ಟಿ ಕದ್ದಿದ್ದಕ್ಕೆ ಲ್ಯಾಬ್ರಡಾರ್‌ಗೆ ಏಟು ಯಾಕೆ?

ಎಳ್ಳಮಾವಾಸ್ಯೆಯ ಹಿಂದಿನ ದಿನ ನಮ್ಮ ಓಣಿಯಲ್ಲಿ ಒಂದು ಲ್ಯಾಬ್ರಡಾರ್‌ಗೆ ಡ್ರಿಪ್ ಪೈಪಿನಿಂದ ಏಟು ಬಿದ್ದವು. ಹೊಲಕ್ಕೆ ಒಯ್ಯಲು ಬಡಿದಿಟ್ಟಿದ್ದ ಸಜ್ಜಿ ರೊಟ್ಟಿಯ ಬುಟ್ಟಿಯನ್ನು ಅದು ಖಾಲಿ ಮಾಡಿತ್ತು. ಚಿಲಕವನ್ನು ಮೂತಿಯಿಂದ ಎತ್ತಿ, ಬಾಗಿಲು ತಳ್ಳಿ, ಬುಟ್ಟಿಯ ಮೇಲಿನ ಬಟ್ಟೆಯನ್ನು ಹರಿಯದೇ ಸರಿಸಿ ತಿಂದಿತ್ತು.

‘ಕಳ್ಳ ಜಾತಿ ಇದು. ನಾಕ್ ಬಿಟ್ರ ಬುದ್ಧಿ ಬರ್ತೈತಿ’ ಅಂದರು ಕಾಕಾ.

‘ಕಾಕಾ, ಹೊಡಿಬ್ಯಾಡ್ರಿ. ಅದು ಚಿಲಕಾ ತಗಿತೈತಿ ಅಂತ ನಿಮಗ ಮೊದಲ ಗೊತ್ತಿತ್ತಲ್ಲ?’ ಅಂದೆವು.

‘ಪೇಪರ್‌ದವ್ರು ಈಗ ನಾಯಿ ಸುದ್ದಿನೂ ಬರೀತೀರೇನು?’

ಹೌದು, ಬರೆಯುತ್ತಿದ್ದೇವೆ. ಯಾಕೆಂದರೆ ಮೂವತ್ತು ಕೆಜಿ ತೂಗುವ ಈ ನಾಯಿ ಈಗ ನಮ್ಮ ಹಳ್ಳಿಗಳಲ್ಲೂ ಗೇಟಿಗೊಂದು ಕಾಣುತ್ತಿದೆ. ಬಂಗಲೆ ಕಟ್ಟಿಸಿದರೆ ಲ್ಯಾಬ್, ದ್ರಾಕ್ಷಿಗೆ ರೇಟು ಬಂದರೆ ಲ್ಯಾಬ್. ತರುವಾಗ ಯಾರೂ ಅದರ ಹೊಟ್ಟೆಯ ಬಗ್ಗೆ ಕೇಳುವುದಿಲ್ಲ, ಮಾರುವವನೂ ಹೇಳುವುದಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲೀನರ್ ರಾಫನ್ ಮತ್ತು ಅವರ ತಂಡ 2016ರಲ್ಲಿ ಒಂದು ಸಂಗತಿ ಕಂಡುಹಿಡಿಯಿತು. ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇರುವುದಿಲ್ಲ. ಹಸಿವನ್ನು ಹಿಡಿತದಲ್ಲಿಡುವ ಕೆಲಸದಲ್ಲಿ ಈ ಜೀನಿನದು ದೊಡ್ಡ ಪಾತ್ರ. 2024ರಲ್ಲಿ ಅದೇ ತಂಡ ಇನ್ನೊಂದು ಪರೀಕ್ಷೆ ಮಾಡಿತು. ನಾಯಿಗಳಿಗೆ ಊಟ ಹಾಕಿ, ಮೂರು ತಾಸು ಬಿಟ್ಟು, ಒಂದು ಪಾರದರ್ಶಕ ಡಬ್ಬಿಯಲ್ಲಿ ಮಾಂಸದ ತುಂಡು ಇಟ್ಟು ಮುಚ್ಚಳ ಹಾಕಿದರು. ಜೀನು ಕೆಟ್ಟಿದ್ದ ನಾಯಿಗಳು ಡಬ್ಬಿಯ ಬೆನ್ನು ಬಿಡಲಿಲ್ಲ. ಅಷ್ಟೇ ಅಲ್ಲ, ಸುಮ್ಮನೆ ಮಲಗಿದ್ದಾಗ ಅವುಗಳ ಮೈ ಸುಡುವ ಶಕ್ತಿಯೂ ಬೇರೆ ನಾಯಿಗಳಿಗಿಂತ ಸುಮಾರು ಶೇ 25ರಷ್ಟು ಕಡಿಮೆ. ಅಂದರೆ ಹಸಿವು ಜಾಸ್ತಿ, ಖರ್ಚು ಕಡಿಮೆ. ಇಂಥ ಜೀವಕ್ಕೆ ನಾವು ‘ಕಳ್ಳ’ ಅನ್ನುತ್ತೇವೆ.

ಕುರುಡರಿಗೆ, ಅಂಗವಿಕಲರಿಗೆ ನೆರವಾಗುವ ಲ್ಯಾಬ್‌ಗಳನ್ನು ನೋಡಿದಾಗ ಮುಕ್ಕಾಲು ಪಾಲಿಗೆ ಇದೇ ಜೀನು ಸಿಕ್ಕಿತು. ತುತ್ತಿನ ಆಸೆಗೆ ಬೇಗ ಕಲಿಯುವ ನಾಯಿ ಅದು. ಕೈಕುಲುಕುವುದನ್ನು ಎರಡು ದಿನದಲ್ಲಿ ಕಲಿತರೆ ರೀಲ್ಸ್ ಮಾಡಿ ಹಾಕುತ್ತೀರಿ. ಅದೇ ಬುದ್ಧಿಯಿಂದ ಚಿಲಕ ತೆಗೆದರೆ ಪೈಪು ಎತ್ತುತ್ತೀರಿ.

ನಮ್ಮ ಮನೆಯಲ್ಲೂ ಒಂದಿದೆ, ಐದು ವರ್ಷದ್ದು. ಶೇಂಗಾ ಹಿಂಡಿ ಡಬ್ಬಿಯ ಸಪ್ಪಳಕ್ಕೂ ಸಕ್ಕರೆ ಡಬ್ಬಿಯ ಸಪ್ಪಳಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತು. ಅವ್ವ ಹಿತ್ತಲಿಗೆ ಹೋಗುವ ತನಕ ಗೊರಕೆ ಹೊಡೆಯುವ ನಾಟಕ ಆಡುತ್ತದೆ. ಫ್ರಿಜ್ ಹಿಡಿಕೆಗೆ ಟವೆಲ್ ಕಟ್ಟಿದ್ದು ನಮ್ಮದೇ ದಡ್ಡತನ, ಅದನ್ನು ಎಳೆದು ಬಾಗಿಲು ತೆರೆಯಿತು. ಮೊದಲ ವರ್ಷ ನಾವೂ ಹೊಡೆದಿದ್ದೇವೆ, ಸುಳ್ಳು ಹೇಳುವುದಿಲ್ಲ. ಅದು ಕಲಿತದ್ದು ಒಂದೇ, ನಾವು ಇಲ್ಲದಾಗ ಕದಿಯುವುದು. ತಿಂದು ತಾಸು ಕಳೆದ ಮೇಲೆ ಬೀಳುವ ಏಟು ಯಾವುದಕ್ಕೆ ಎಂದು ನಾಯಿಗೆ ತಿಳಿಯುವುದಿಲ್ಲ. ಈಗ ಹೊತ್ತಿಗೆ ಸರಿಯಾಗಿ ಅಳೆದು ಹಾಕುತ್ತೇವೆ, ಬೆಳಿಗ್ಗೆ ಸಂಜೆ ಹೊಲದ ತನಕ ನಡೆಸುತ್ತೇವೆ. ಅಡುಗೆಮನೆಗೆ ಕೈ ಎಟುಕುವಷ್ಟು ಎತ್ತರದಲ್ಲಿ ಚಿಲಕ ಹಾಕಿಸಿದೆವು. ಕಳ್ಳತನ ನಿಂತಿದೆ ಎಂದಲ್ಲ, ಕಡಿಮೆಯಾಗಿದೆ.

ವಾದ ಬರುತ್ತದೆ: ‘ಮನುಷ್ಯರಿಗೇ ಸರಿಯಾಗಿ ಊಟ ಇಲ್ಲ, ನಿಮ್ಮದೇನು ನಾಯಿ ಗೋಳು?’ ಸರಿ. ಆದರೆ ಸಾವಿರಾರು ರೂಪಾಯಿ ಕೊಟ್ಟು ಮರಿ ತಂದವರು ಹಸಿದವರಲ್ಲ. ಬೀದಿ ನಾಯಿ ತಾನಾಗಿ ಬರುತ್ತದೆ, ಲ್ಯಾಬ್ ಬರುವುದಿಲ್ಲ, ನೀವೇ ತರುತ್ತೀರಿ. ತಂದ ಮೇಲೆ ಗಿಡ್ಡ ಸರಪಳಿಯಲ್ಲಿ ದಿನವಿಡೀ ಬಿಗಿಯುವುದು, ಸಾಕಾದಾಗ ಢಾಬಾದ ಹತ್ತಿರ ಇಳಿಸಿ ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲ ದಂಡ ಎಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ. ಒಂದು ಪ್ಲೇಟ್ ಮಿರ್ಚಿಯ ಬೆಲೆ.

ಏಟಿಗಿಂತ ನಮಗೆ ಹೆಚ್ಚು ಭಯ ಬರುವ ತಿಂಗಳುಗಳದ್ದು. ತಿಕೋಟಾ ಕಡೆ ದ್ರಾಕ್ಷಿ ಕಟಾವು ಶುರುವಾಗುತ್ತದೆ, ಶೆಡ್‌ಗಳಲ್ಲಿ ಒಣದ್ರಾಕ್ಷಿ ಹರಡುತ್ತಾರೆ. ಎಷ್ಟೋ ಮಂದಿ ಶೆಡ್ ಕಾಯಲೆಂದೇ ಲ್ಯಾಬ್ ಕಟ್ಟುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ, ಮೂತ್ರಪಿಂಡ ಕೆಡಿಸುತ್ತವೆ. ಎಷ್ಟು ತಿಂದರೆ ಅಪಾಯ ಎನ್ನುವುದು ನಾಯಿಯಿಂದ ನಾಯಿಗೆ ಬೇರೆ, ಸ್ವಲ್ಪವೇ ಸಾಕಾಗಬಹುದು. ಮೊದಲು ವಾಂತಿ, ಆಮೇಲೆ ಮಂಕು, ಒಂದೆರಡು ದಿನದಲ್ಲಿ ಮೂತ್ರ ಕಟ್ಟುತ್ತದೆ. ‘ನಾಯಿಗೇನಾಗ್ತೈತಿ, ಕರಗಿಸ್ಕೊಂತೈತಿ’ ಎಂದು ಕೂರಬೇಡಿ. ತಿಂದದ್ದು ಕಂಡ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ, ವಾಂತಿ ಬರುವ ತನಕ ಕಾಯಬೇಡಿ. ವಾಂತಿ ಮಾಡಿಸಲು ಮನೆಯಲ್ಲಿ ಉಪ್ಪು ನೀರು ಕುಡಿಸಬೇಡಿ, ಅದೂ ಅಪಾಯ. ಈರುಳ್ಳಿ ಹಾಕಿದ ಪಲ್ಯ, ಬೇಯಿಸಿದ ಕೋಳಿ ಎಲುಬು ಕೂಡ ತಟ್ಟೆಗೆ ಸುರಿಯಬೇಡಿ. ಕಾವಲಿಗೇ ನಾಯಿ ಬೇಕಿದ್ದರೆ ನಮ್ಮ ಪಕ್ಕದ ಜಿಲ್ಲೆಯ ಮುಧೋಳ ನಾಯಿ ಇದೆ, ನಮ್ಮ ಬಿಸಿಲಿಗೆ ಒಗ್ಗಿದ್ದು. ಲ್ಯಾಬ್‌ನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಚಳಿ ನೀರಿನಲ್ಲಿ ಮೀನುಗಾರರ ಬಲೆ ಎಳೆಯುತ್ತಿದ್ದ ನಾಯಿಗಳು. ಅದನ್ನು ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ಡಿನ ಕೆಳಗೆ ಕಟ್ಟುವವರಿಗೆ ಏನು ಹೇಳೋಣ?

ಕಾಕಾ ನಿನ್ನೆ ಬಡಿಗನನ್ನು ಕರೆಸಿ ಬಾಗಿಲ ಮೇಲ್ಭಾಗಕ್ಕೆ ಇನ್ನೊಂದು ಚಿಲಕ ಹಾಕಿಸಿದ್ದಾರೆ. ಪೈಪು ಮಾತ್ರ ಇನ್ನೂ ಕಟ್ಟೆಯ ಮೇಲೇ ಬಿದ್ದಿದೆ.