ಮಹಡಿಮನೆಗೆ ಅಂತರಜಾಲ

ನೆರೆಯ ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದುದನ್ನು ಬಲ್ಲ ಕೊಳ್ಳೇಗಾಲದ ಸೀಮೆಗೆ, ತಂತಿಯು ದೂರವನ್ನು ಜಯಿಸುವ ಬಗೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಬೀದಿಯ ಕಂಬದವರೆಗೆ ಬಂದ ಬ್ರಾಡ್‌ಬ್ಯಾಂಡಿನ ಫೈಬರು ಅಲ್ಲಿಂದ ಮೂರನೆಯ ಮಹಡಿಗೆ ಏರುವುದೇ ಇಂದು ಪ್ರಯಾಸಕರವಾಗಿದೆ. ನೀರಿಗೂ ವಿದ್ಯುತ್ತಿಗೂ ಗೋಡೆಯೊಳಗೆ ಕೊಳವೆಗಳನ್ನು ಹುದುಗಿಸುವ ಕಟ್ಟಡದ ಒಡೆಯರಲ್ಲಿ ಅನೇಕರು, ಕೂದಲೆಳೆಯಷ್ಟು ಸೂಕ್ಷ್ಮವಾದ ಈ ಗಾಜಿನ ತಂತುವಿಗೆ ದಾರಿಯಿಡದಿರುವುದರಿಂದ, ಅದು ಕಿಟಕಿಯ ಸರಳಿಗೆ ಸುತ್ತಿಕೊಂಡು, ಬಿಸಿಲುಮಳೆಗೆ ಮೈಯೊಡ್ಡಿ, ಮೂಲೆಯಲ್ಲಿ ಮಿತಿಮೀರಿ ಬಾಗಿದೆಡೆ ಬೆಳಕನ್ನು ಸೋರಗೊಟ್ಟು, ಸಂಪರ್ಕವನ್ನೇ ಕ್ಷೀಣಗೊಳಿಸುತ್ತದೆ. ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳಿಗೆ 2022ರಲ್ಲಿ ಸೇರಿದ ಅನುಬಂಧವು ಕಟ್ಟಡದೊಳಗೆ ಎಲ್ಲ ಸೇವಾ ಸಂಸ್ಥೆಗಳೂ ಬಳಸಬಹುದಾದ ದೂರಸಂಪರ್ಕ ವ್ಯವಸ್ಥೆಯನ್ನು ಸೂಚಿಸಿದೆ. 2024ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಶ್ರೇಣಿ ನೀಡುವ ನಿಯಮವನ್ನೂ ಹೊರಡಿಸಿತು.

ಹನೂರಿನ ಕಾಡಂಚಿನ ಊರುಗಳ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ಪಾಡು ಬೇರೆಯೇ: ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ತಂತಿಗಾಗಿ ಕಾಡಿನ ನೆಲವನ್ನು ಅಗೆಯುವಂತಿಲ್ಲ, ಆ ಅನುಮತಿಯನ್ನು ಪಡೆಯುವ ಕಾರ್ಯವು ದೀರ್ಘವಾದುದು. ಪಟ್ಟಣದ ಕೆಲಸವಾದರೋ ಕೈಗೆಟುಕುವಂತಿದೆ. ಕೊಳ್ಳೇಗಾಲದ ನಗರಸಭೆಯೂ, ಹನೂರು ಯಳಂದೂರುಗಳ ಪಟ್ಟಣ ಪಂಚಾಯಿತಿಗಳೂ ಹೊಸ ಕಟ್ಟಡದ ನಕ್ಷೆಗೆ ಒಪ್ಪಿಗೆ ನೀಡುವ ಮುನ್ನ, ಫೈಬರಿಗಾಗಿ ಪ್ರತಿ ಮಹಡಿಗೂ ಒಂದು ಖಾಲಿ ಕೊಳವೆಯನ್ನು ಇರಿಸಿದೆಯೇ ಎಂದು ವಿಚಾರಿಸಲಿ.