ಹುಳಿಮಣ್ಣು, ನಗೆ ಅನಿಲ ಮತ್ತು ಇದ್ದಿಲು

ತೋಟಕ್ಕೆ ಹಾಕಿದ ಯೂರಿಯಾದ ಸಾರಜನಕವೆಲ್ಲ ಗಿಡಕ್ಕೇ ಸೇರುತ್ತದೆ ಎಂದು ನಂಬಿದವರು ಬಹಳ. ಹಾಗೇನಿಲ್ಲ. ಒಂದು ಪಾಲನ್ನು ಬೇರು ಹೀರುತ್ತದೆ, ಒಂದು ಪಾಲು ಮಳೆನೀರಿನ ಜತೆ ಹಳ್ಳ ಸೇರುತ್ತದೆ, ಮತ್ತೊಂದು ಪಾಲು ಅನಿಲವಾಗಿ ಹಾರಿಹೋಗುತ್ತದೆ. ಹೀಗೆ ಹಾರುವ ಅನಿಲಗಳಲ್ಲಿ ಒಂದರ ಹೆಸರನ್ನು ಮಕ್ಕಳು ಪಾಠದಲ್ಲಿ ಕೇಳಿರುತ್ತಾರೆ: ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ತಯಾರಿಸಿದ. ಮುಂದೆ ಹಂಫ್ರಿ ಡೇವಿ ಇದನ್ನು ತಾನೇ ಸೇವಿಸಿ ಪ್ರಯೋಗ ನಡೆಸಿದ. (ನೀವು ಅಂಥ ಸಾಹಸಕ್ಕೆ ಇಳಿಯಬೇಡಿ.)

ಗಾಳಿಯಲ್ಲಿ ಇದರ ಕೆಲಸ ನಗುವಂಥದ್ದಲ್ಲ. 100 ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ನೈಟ್ರಸ್ ಆಕ್ಸೈಡ್, 273 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡಬಲ್ಲದು. ಓಝೋನ್ ಪದರವನ್ನೂ ಸವೆಸುತ್ತದೆ. ಈ ವಿಷಯದಲ್ಲಿ 2009ರಲ್ಲಿ ಎಚ್ಚರಿಕೆ ಕೊಟ್ಟ ತಂಡದ ಮುಂದಾಳು ಎ.ಆರ್. ರವಿಶಂಕರ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು.

ಈಗ ಪೆನ್ಸಿಲ್ ಹಿಡಿಯಿರಿ, ತಂದೆತಾಯಂದಿರೂ ಜತೆಗೆ ಕೂರಲಿ. 45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡಾ 46 ಸಾರಜನಕ, ಅಂದರೆ 20.7 ಕಿಲೋ. ಅದರಲ್ಲಿ ನೂರಕ್ಕೆ ಒಂದು ಪಾಲು ನಗೆ ಅನಿಲವಾಗುತ್ತದೆ ಎಂಬುದು ಸ್ಥೂಲ ಅಂದಾಜು. ಅಣುತೂಕದ ಲೆಕ್ಕ ಹಾಕಿ 44ರಿಂದ ಗುಣಿಸಿ 28ರಿಂದ ಭಾಗಿಸಿದರೆ ಸುಮಾರು 325 ಗ್ರಾಂ ಅನಿಲ. 273ರಿಂದ ಗುಣಿಸಿ: ಹತ್ತಿರ ಹತ್ತಿರ 89 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ! ಒಂದೇ ಚೀಲದ ಮಾತಿದು.

ಮಲೆನಾಡು, ಕರಾವಳಿಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಸುರಿಯುವ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಬಿಡುವುದರಿಂದ ಮಣ್ಣು ಹುಳಿ, ಅಂದರೆ ಆಮ್ಲೀಯ. ಮಣ್ಣು ನೀರುಂಡು ಆಮ್ಲಜನಕ ಕಡಿಮೆಯಾದಾಗ ಕೆಲವು ಬ್ಯಾಕ್ಟೀರಿಯಗಳು ಆಮ್ಲಜನಕದ ಬದಲು ನೈಟ್ರೇಟನ್ನು ಬಳಸಿ ಉಸಿರಾಡುತ್ತವೆ. ನೈಟ್ರೇಟ್ ನೈಟ್ರೈಟ್ ಆಗಿ, ನೈಟ್ರಿಕ್ ಆಕ್ಸೈಡ್ ಆಗಿ, ನೈಟ್ರಸ್ ಆಕ್ಸೈಡ್ ಆಗಿ, ಕೊನೆಗೆ ನಿರುಪದ್ರವಿ ಸಾರಜನಕ ಅನಿಲವಾಗುತ್ತದೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಕಿಣ್ವ. ಕೊನೆಯ ಮೆಟ್ಟಿಲಿನದು ತಾಮ್ರವಿರುವ ಕಿಣ್ವ, ಬಲು ಸೂಕ್ಷ್ಮ. ಮಣ್ಣು ಹುಳಿಯಾಗಿದ್ದರೆ ಅದನ್ನು ತಯಾರಿಸುವ ಅಪ್ಪಣೆ ಜೀನಿನಿಂದ ಹೊರಡುತ್ತದೆ, ಆದರೆ ಕಿಣ್ವ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಕೆಲಸ ಮೂರನೇ ಮೆಟ್ಟಿಲಿಗೇ ನಿಂತು ನಗೆ ಅನಿಲ ಹೊರಬೀಳುತ್ತದೆ.

ಇಲ್ಲಿಗೆ ಬರುತ್ತದೆ ಬಯೋಚಾರ್. ಹೆಸರು ಹೊಸದು, ವಸ್ತು ಇದ್ದಿಲೇ. ಭತ್ತದ ಹೊಟ್ಟು, ತೆಂಗಿನ ಕರಟ, ಕಾಫಿ ಸಿಪ್ಪೆಗಳನ್ನು ಗಾಳಿ ಹೆಚ್ಚು ಆಡದಂತೆ ಕಾಯಿಸಿ, ಉರಿಸಲೆಂದಲ್ಲ, ಮಣ್ಣಿಗೆ ಸೇರಿಸಲೆಂದೇ ಮಾಡಿದ್ದು. ಅದರೊಳಗಿನ ಬೂದಿ ಕ್ಷಾರೀಯ. ಹುಳಿಯನ್ನು ತಗ್ಗಿಸಿ ಆ ಕೊನೆಯ ಕಿಣ್ವಕ್ಕೆ ಅನುಕೂಲ ಮಾಡಿಕೊಡುತ್ತದೆ. ಅಷ್ಟೇ ಆಗಿದ್ದರೆ ಕೃಷಿ ಸುಣ್ಣ ಸಾಲದೇ ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಒಳ್ಳೆಯ ಪ್ರಶ್ನೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ಕೃಷಿ ಮಣ್ಣುಗಳಿಂದ ಹೊರಡುವ ನಗೆ ಅನಿಲ ಶೇಕಡಾ 10ರಿಂದ 90ರವರೆಗೆ ಇಳಿಯಿತು. ಪಿ.ಎಚ್. ಏರಿದ್ದೊಂದೇ ಅದಕ್ಕೆ ಮುಖ್ಯ ಕಾರಣವಾಗಿರಲಿಲ್ಲ. ಇದ್ದಿಲು ಎಲೆಕ್ಟ್ರಾನುಗಳನ್ನು ಬ್ಯಾಕ್ಟೀರಿಯಕ್ಕೆ ದಾಟಿಸುವ ದೋಣಿಯಂತೆ ನೆರವಾಗುತ್ತದೆ ಎಂದು ಆ ವಿಜ್ಞಾನಿಗಳು ಊಹಿಸಿದರು.

ಆದರೂ ನನಗೆ ಪೂರ್ತಿ ಉತ್ಸಾಹವಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯಲ್ಲಿ ಸರಾಸರಿ ಇಳಿಕೆ ಶೇಕಡಾ 38. ಒಂದು ವರ್ಷ ಕಳೆದ ಮೇಲೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಹುಳಿ ತಗ್ಗಿದೊಡನೆ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಇನ್ನೊಂದು ಬಳಗದ ಬ್ಯಾಕ್ಟೀರಿಯಗಳೂ ಚುರುಕಾಗುತ್ತವೆ. ಅವೂ ಒಂದಿಷ್ಟು ನಗೆ ಅನಿಲ ಬಿಡುತ್ತವೆ. ಕೆಲವು ಹುಳಿಮಣ್ಣುಗಳಲ್ಲಿ ಲಾಭವೆಲ್ಲ ಹೀಗೆ ಸೋರಿಹೋಗುತ್ತದೆ. ಇನ್ನೊಂದು ಮಾತು: ಕೊನೆಯ ಮೆಟ್ಟಿಲು ದಾಟಿದ ಸಾರಜನಕ ಗಾಳಿಗೇ ಹೋಗುತ್ತದೆ, ಗಿಡಕ್ಕಲ್ಲ. ಅಲ್ಲಿ ಉಳಿಯುವುದು ವಾತಾವರಣ, ರೈತನ ದುಡ್ಡಲ್ಲ.

ದಕ್ಷಿಣ ಕನ್ನಡದ ಸುಡುಮಣ್ಣನ್ನೇ ಬಯೋಚಾರ್ ಎನ್ನುವವರಿದ್ದಾರೆ. ಕಸಕಡ್ಡಿ, ತರಗೆಲೆಗಳ ಜತೆ ಮಣ್ಣನ್ನು ಸುಟ್ಟಾಗ ಬೂದಿಯೂ ಇದ್ದಿಲೂ ಸೇರುತ್ತವೆ ನಿಜ, ಆದರೆ ಗಾಳಿಯಾಡುವಲ್ಲಿ ಇಂಗಾಲ ಬಹುಪಾಲು ಉರಿದುಹೋಗುತ್ತದೆ. ನೆಂಟಸ್ತಿಕೆ ಇದೆ, ಎರಡೂ ಒಂದೇ ಅಲ್ಲ.

ಮನೆಯಲ್ಲೇ ನೋಡಬೇಕೆಂದಿದ್ದರೆ ಒಲೆಯ ಬೂದಿಯನ್ನು ನೀರಲ್ಲಿ ಕದಡಿ, ಸೋಸಿ, ಅರಿಸಿನ ಹಚ್ಚಿದ ಕಾಗದವನ್ನು ಅದ್ದಿ. ಕೆಂಪಾದರೆ ಕ್ಷಾರ. ಈಗ ಪುಡಿಮಾಡಿದ ಇದ್ದಿಲನ್ನು ಹಾಗೆಯೇ ಪರೀಕ್ಷಿಸಿ, ಬೇರೆ ಬೇರೆ ಕಟ್ಟಿಗೆಯ ಇದ್ದಿಲುಗಳಿಗೆ ವ್ಯತ್ಯಾಸವಿದೆಯೇ ಎಂದು ಬರೆದಿಡಿ. ತೋಟಕ್ಕೆ ಹಾಕುವ ಮಾತು ಬೇರೆ. ಪ್ರಯೋಗಗಳಲ್ಲಿ ಹೆಕ್ಟೇರಿಗೆ 10 ಟನ್ ಹಾಕುವುದುಂಟು, ಅಂದರೆ ಚದರ ಮೀಟರಿಗೆ ಒಂದು ಕಿಲೋ. ಅಷ್ಟು ಇದ್ದಿಲು ಹೊಂದಿಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವಿಜಯಪುರದ ಕಡೆಯ ಕಪ್ಪುಮಣ್ಣಿನಂತೆ ಪಿ.ಎಚ್. 7 ದಾಟಿದ್ದರೆ ಹುಳಿ ತಗ್ಗಿಸಲೆಂದು ಇದ್ದಿಲು ಹೊರುವ ಶ್ರಮವೇ ಬೇಡ.