ನಂಜುಂಡಪ್ಪ ವರದಿಯಲ್ಲಿ ಶಹಾಬಾದ್ ಎಲ್ಲಿದೆ?

ಉದ್ದನೆಯ ಫೈಲಿನಲ್ಲಿ ಗುರುತು ಇಟ್ಟುಕೊಳ್ಳೋದು ಹೇಗೆ ಅಂತ ನಮ್ಮ ಸಾಫ್ಟ್‌ವೇರ್ ಮಂದಿಯನ್ನು ಕೇಳಿ ನೋಡಿ. ವಿಮ್‌ನವರು ‘ಎಂ’ ಒತ್ತಿ ‘ಎ’ ಒತ್ತು ಅಂತಾರೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನವರದು ಕಂಟ್ರೋಲ್ ಎಫ್2. ಇಮ್ಯಾಕ್ಸ್‌ನವರು ಬಾಯಿ ತೆರೆದರೆ ಊಟದ ಹೊತ್ತು ಮೀರುತ್ತೆ :-)

ಎಲ್ಲಾ ಸರಿ. ಆದರೆ ಈ ಗುರುತುಗಳು ಕೂರೋದು ಎಡಿಟರಿನ ನೆನಪಿನಲ್ಲಿ, ಫೈಲಿನಲ್ಲಲ್ಲ. ವಿಮ್ ಸಾಲಿನ ಸಂಖ್ಯೆ ಬರೆದಿಟ್ಟುಕೊಳ್ಳುತ್ತೆ. ಬೇರೆ ಯಾರೋ ಬೇರೆ ಕಡೆ ಅದೇ ಫೈಲಿನಿಂದ ಹತ್ತು ಸಾಲು ತೆಗೆದರೆ ನಿಮ್ಮ ಗುರುತು ಹತ್ತು ಸಾಲು ಆಚೆಗೆ ಬೀಳುತ್ತೆ. ಇಮ್ಯಾಕ್ಸ್ ಮಾತ್ರ ಅಕ್ಕಪಕ್ಕದ ನಾಲ್ಕು ಪದವನ್ನೂ ನೆನಪಿಡುತ್ತೆ, ಜಾಣ. ಆದರೂ ಫೈಲನ್ನು ಗೆಳೆಯನಿಗೆ ಕಳಿಸಿದರೆ ಗುರುತು ನಿಮ್ಮಲ್ಲೇ ಉಳೀತು.

ಇದು ನನಗ್ಯಾಕೆ ಮುಖ್ಯ ಅಂದ್ರೆ, ನಮ್ಮ ಸೇಡಂ-ಚಿತ್ತಾಪುರದ ಕಡೆ ಮಾತೆತ್ತಿದರೆ ನಂಜುಂಡಪ್ಪ ವರದಿ ಅಂತೀವಿ. ಓದಿದವರು ಎಷ್ಟು ಮಂದಿ? 2002ರಲ್ಲಿ ಸರ್ಕಾರಕ್ಕೆ ಸಲ್ಲಿಕೆಯಾದ ದೊಡ್ಡ ವರದಿ ಅದು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆದು 114 ಹಿಂದುಳಿದಿವೆ ಅಂದರು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ 39ರೊಳಗೇ ಇವೆ.

ಇದನ್ನು ಓಸಿಆರ್ ಮಾಡಿ ಟೆಕ್ಸ್ಟ್ ಫೈಲಿಗೆ ಇಳಿಸಿಕೊಂಡು, ಗೆಳೆಯರು ಮೂವರು ಸೇರಿ ತಿದ್ದುತ್ತಿದ್ದೇವೆ. ಕಸದ ಸಾಲು ತೆಗೆದಷ್ಟೂ ಸಂಖ್ಯೆ ಜಾರುತ್ತೆ. ಹುಡುಕಿದರೆ ಸಾಕಲ್ಲ, ಗುರುತು ಯಾಕೆ ಅಂತೀರಾ? ಹುಡುಕಿ ನೋಡಿ. ಜಿಲ್ಲೆಗೆ ಕಲಬುರಗಿ ಅಂತ ಅಧಿಕೃತ ಹೆಸರು ಬಂದದ್ದು 2014ರಲ್ಲಿ, ವರದಿಯಲ್ಲಿರೋದು ಗುಲ್ಬರ್ಗಾ. ತಾಲ್ಲೂಕಿನ ಪಟ್ಟಿಗಳಲ್ಲಿ ಶಹಾಬಾದ್ ಸಿಗೋದೇ ಇಲ್ಲ, ಯಾಕಂದ್ರೆ ಆಗ ಅದು ಚಿತ್ತಾಪುರ ತಾಲ್ಲೂಕಿನೊಳಗಿನ ಊರು. ವಾಡಿ ಈಗಲೂ ಅಲ್ಲೇ. ಸಿಮೆಂಟ್ ಫ್ಯಾಕ್ಟರಿಯ ಊರುಗಳನ್ನು ಒಳಗಿಟ್ಟುಕೊಂಡೂ ಚಿತ್ತಾಪುರ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿತ್ತು ಅನ್ನೋದನ್ನ ಯಾವ ಹುಡುಕಾಟವೂ ನಿಮಗೆ ತೋರಿಸಲ್ಲ! ಓದಿದವನೊಬ್ಬ ಅಲ್ಲಿ ಗುರುತು ಹಾಕಿರಬೇಕು.

ಹಾಗಾಗಿ ನನ್ನ ಪಕ್ಷ ಹಳೇ ಪದ್ಧತಿಯದು: ಗುರುತನ್ನು ಫೈಲಿನೊಳಗೇ ಟೈಪ್ ಮಾಡಿ. ಬೇರೆಲ್ಲೂ ಬಾರದ ಒಂದು ಚಿಹ್ನೆ, ಪಕ್ಕದಲ್ಲಿ ನಿಮ್ಮದೇ ಮಾತು: ‘@@ಶಹಾಬಾದ್ - ಚಿತ್ತಾಪುರದ ಅಂಕಿಯಲ್ಲೇ ಸೇರಿದೆ’. ಎರಡು ಅಟ್ ಚಿಹ್ನೆ ಹುಡುಕಿದರೆ ಎಲ್ಲಾ ಗುರುತೂ ಸಾಲಾಗಿ ಬಂದು ನಿಲ್ಲುತ್ತವೆ, ಬರೀ ನೋಟ್‌ಪ್ಯಾಡ್ ಇದ್ದವನಿಗೂ ಒಂದೊಂದಾಗಿ ಸಿಗುತ್ತವೆ. ಕಾಗುಣಿತ ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ. ಒಬ್ಬ ‘ಸೇಡಂ’, ಇನ್ನೊಬ್ಬ ‘ಸೇಡಮ್’ ಅಂತ ಕುಟ್ಟಿದರೆ ಯೂನಿಕೋಡಿನ ಕಣ್ಣಿಗೆ ಅವು ಎರಡು ಊರು.

ಮೂಲ ಕೆಡುತ್ತಲ್ಲಾ ಅನ್ನೋರಿಗೆ: ಮುಟ್ಟದ ಪ್ರತಿಯೊಂದನ್ನು ಬೇರೆ ಇಟ್ಟಿದ್ದೇವೆ. ಚಿಂಚೋಳಿಯ ಭಾಗ ಇನ್ನೂ ಬಾಕಿ ಇದೆ, ತಿದ್ದೋಕೆ ಬರೋರು ಕಮೆಂಟ್ ಹಾಕಿ.